ಕೆಮಿಕಲ್ ಇಲ್ಲ ಎಂದು ಬರೆಯುವ ಮುನ್ನ

ಅಂಟುವಾಳದ ಒಣಪುಡಿ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದನ್ನೇ ಕುದಿಸಿ ಸೋಸಿ ಬಾಟಲಿಗೆ ತುಂಬಿದರೆ ಕೆಲವೇ ದಿನಕ್ಕೆ ಹುಳಿ ವಾಸನೆ. ನೀರು ಸೇರಿದ್ದೇ ತಡ, ಬ್ಯಾಕ್ಟೀರಿಯಾ, ಬೂಸ್ಟು ಎರಡಕ್ಕೂ ಮನೆ ಸಿಕ್ಕ ಹಾಗೆ.

ನಮ್ಮೂರ ಸ್ವಸಹಾಯ ಸಂಘದ ಅಕ್ಕಂದಿರು ಶಾಂಪೂ ಮಾಡಲು ಹೊರಟಾಗ ಲೇಬಲ್ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಪತ್ರಿಕೋದ್ಯಮ ಓದಿದವರಲ್ಲವೇ! “ಕೆಮಿಕಲ್ ಇಲ್ಲ ಅಂತ ದೊಡ್ಡಕ್ಷರದಲ್ಲಿ ಹಾಕ್ರಪ್ಪ, ಆಗಲೇ ಖರ್ಚಾಗೋದು” ಎಂದರು. ನಾವು ಒಪ್ಪಲಿಲ್ಲ. ಕೊಳ್ಳುವವರಲ್ಲಿ ಹಸುಗೂಸಿನ ತಾಯಂದಿರೂ ಇರುತ್ತಾರೆ.

ಅಂಟುವಾಳದ ನೊರೆ ಅದರಲ್ಲಿರುವ ಸಪೋನಿನ್‌ನದು. ಗಿಡದ್ದು ಎಂದಮಾತ್ರಕ್ಕೆ ಸೌಮ್ಯವಲ್ಲ, ಕಣ್ಣಿಗೆ ಬಿದ್ದವರನ್ನು ಕೇಳಿ. ‘ತೆಂಗಿನೆಣ್ಣೆಯಿಂದ ಮಾಡಿದ್ದು’ ಎನ್ನುವುದೂ ಅಷ್ಟೇ. ಚರ್ಮ ಒಣಗಿಸುವ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದ ಮಾಡಬಹುದು, ಸೌಮ್ಯವಾದ ಕೋಕೋ ಗ್ಲುಕೋಸೈಡನ್ನೂ ಮಾಡಬಹುದು. ಎಣ್ಣೆಯ ಅಂಶಕ್ಕೆ ಮೊದಲನೆಯದರಲ್ಲಿ ಸಲ್ಫೇಟ್ ಅಂಟಿದೆ, ಎರಡನೆಯದರಲ್ಲಿ ಸಕ್ಕರೆ. ನಾವು ಆರಿಸಿದ್ದು ಸಕ್ಕರೆಯದನ್ನು. ಆದರೆ ಕೊಂಡು ತಂದಾಗ ಅದು ತೀರಾ ಕ್ಷಾರ. ಸಿಟ್ರಿಕ್ ಆಮ್ಲ ಚೂರುಚೂರೇ ಹಾಕಿ, ಪಟ್ಟಿ ಅದ್ದಿ ನೋಡುತ್ತಾ ಪಿಎಚ್ 5ಕ್ಕಿಂತ ತುಸು ಕೆಳಗೆ ಇಳಿಸಬೇಕು.

ಇಷ್ಟು ಇಳಿಸುವುದು ಬರೀ ಚರ್ಮಕ್ಕಾಗಿ ಅಲ್ಲ, ಪ್ರಿಸರ್ವೇಟಿವ್‌ಗಾಗಿಯೂ ಹೌದು. ಜಗಳವೆಲ್ಲ ನಡೆದದ್ದು ಇದರ ಮೇಲೆಯೇ. “ವಿಟಮಿನ್ ಇ ಹಾಕಿದ್ರೆ ಸಾಲದಾ?” ಸಾಲದು. ಅದು ಎಣ್ಣೆ ಕಮಟದಂತೆ ತಡೆಯುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಸೋಡಿಯಂ ಬೆಂಜೊಯೇಟ್ ಎಂದಾಗ ಎಲ್ಲರೂ ಮುಖ ಸಿಂಡರಿಸಿದರು. ಒಬ್ಬ ಅಕ್ಕ ಮಾತ್ರ ಮನೆಯಿಂದ ಅಂಗಡಿ ಉಪ್ಪಿನಕಾಯಿ ಬಾಟಲಿ ತಂದು ಹಿಂಬದಿ ಓದಿಸಿದರು. “ಅಯ್ಯೋ, ಇದನ್ನ ತಿಂತಾನೇ ಇದೀವಲ್ಲ!” ಹುಳಿಯಿದ್ದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ, ಪಿಎಚ್ 7ರಲ್ಲಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಬೂಸ್ಟಿನ ಮೇಲಿನಷ್ಟು ಬಲ ಬ್ಯಾಕ್ಟೀರಿಯಾದ ಮೇಲೆ ಇಲ್ಲವಾದ್ದರಿಂದ ಪ್ರಯೋಗಾಲಯದ ಪರೀಕ್ಷೆ ತಪ್ಪಿಸುವಂತಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡ ಬಾಟಲಿಯಲ್ಲೂ ಸೋಂಕು ಇರಬಹುದು.

ಮಾರಲು ಕಾಸ್ಮೆಟಿಕ್ಸ್ ನಿಯಮಗಳು, 2020ರ ಪ್ರಕಾರ ತಯಾರಿಕಾ ಪರವಾನಗಿಯೂ ಬೇಕು. ಅದು ಕೈಗೆ ಬರುವವರೆಗೆ ಬಾಟಲಿಗಳು ಅಕ್ಕಂದಿರ ಬಚ್ಚಲುಮನೆಯಲ್ಲೇ ಇರುತ್ತವೆ. ಲೇಬಲ್ ಮಾತ್ರ ಸಿದ್ಧವಾಗಿದೆ: ಹಾಕಿದ್ದೆಲ್ಲದರ ಹೆಸರು, ಬೆಂಜೊಯೇಟ್ ಸಮೇತ, ಅಂಟುವಾಳದಷ್ಟೇ ದೊಡ್ಡ ಅಕ್ಷರದಲ್ಲಿ.