‘ಮೊದಲು ಎಲ್ಲಿಯವರು?’: ಅಕ್ಕೂರಿನ ಟಿಪ್ಪಣಿಗಳು

ಅಕ್ಕೂರಿನಲ್ಲಿ ಕೂತವನಿಗೆ ನಿರಾಶ್ರಿತರೆಂದರೆ ಟೀವಿಯೊಳಗಿನ ಜನ. ಮುಳುಗುವ ದೋಣಿ, ಡೇರೆಗಳ ಸಾಲು, ಮುಳ್ಳುತಂತಿ. ಆದರೆ ನಮ್ಮ ಚನ್ನಪಟ್ಟಣ ಸೀಮೆಯಿಂದ ಸಾತನೂರು, ಹಲಗೂರು, ಮಳವಳ್ಳಿ, ಕೊಳ್ಳೇಗಾಲ ದಾಟಿದರೆ ಹನೂರು ತಾಲೂಕಿನ ಒಡೆಯರಪಾಳ್ಯ ಸಿಗುತ್ತದೆ. 1970ರ ದಶಕದಿಂದ ಅಲ್ಲಿ ಟಿಬೆಟಿನವರ ಕ್ಯಾಂಪಿದೆ. ಮಾದಪ್ಪನ ಬೆಟ್ಟಕ್ಕೆ ವರ್ಷವರ್ಷ ಹೋಗುವ ನಮ್ಮವರು ಆ ಸೀಮೆಯನ್ನು ಹಾದೇ ಹೋಗುತ್ತಾರೆ. ಬಂದು ಬೆಟ್ಟದ ಕಥೆ ಹೇಳುತ್ತಾರೆ, ಕ್ಯಾಂಪಿನ ಕಥೆ ಯಾರೂ ಹೇಳಿದ್ದಿಲ್ಲ.

*

ಚನ್ನಪಟ್ಟಣದ ರಸ್ತೆ ಬದಿ, ಚಳಿಗಾಲ. ಸ್ವೆಟರ್ ಹರವಿಕೊಂಡ ಹೆಂಗಸು, ಎದುರಿಗೆ ನಮ್ಮೂರ ಕಡೆಯ ಹಿರಿಯರೊಬ್ಬರು.

‘ಯಾವ ಕಡೆಯವ್ರಮ್ಮ?’

‘ಒಡೆಯರಪಾಳ್ಯ ಅಣ್ಣ, ಕೊಳ್ಳೇಗಾಲದ ಹತ್ರ.’

‘ಅದಲ್ಲ. ಮೊದ್ಲು ಎಲ್ಲಿ?’

‘ಮೊದ್ಲೂ ಅಲ್ಲೇ. ಹುಟ್ಟಿದ್ದೇ ಅಲ್ಲಿ.’

ಹಿರಿಯರಿಗೆ ಸಮಾಧಾನವಿಲ್ಲ. ಸ್ವೆಟರ್ ಎಳೆದು ನೋಡಿ, ‘ಇದು ಟಿಬೆಟ್ ಉಣ್ಣೆ ತಾನೆ?’ ಅಂದರು. ‘ಲೂಧಿಯಾನದ್ದು ಅಣ್ಣ.’

ಪಂಜಾಬಿನ ಸರಕು, ಚಾಮರಾಜನಗರ ಜಿಲ್ಲೆಯ ವ್ಯಾಪಾರಿ, ಚನ್ನಪಟ್ಟಣ ಸೀಮೆಯ ಗಿರಾಕಿ. ಇಷ್ಟರಲ್ಲಿ ಟಿಬೆಟ್ ಇದ್ದದ್ದು ಎಲ್ಲಿ? ಆಕೆಯ ಮುಖದಲ್ಲಿ ಮಾತ್ರ. ಹಿರಿಯರು ಕೆಟ್ಟವರೇನಲ್ಲ, ಹೆಚ್ಚು ಚೌಕಾಸಿ ಮಾಡದೆ ಕೊಂಡರು. ಹೋಗುತ್ತಾ ನನ್ನ ಕಡೆ ತಿರುಗಿ, ‘ಚೀನಾದವ್ರು, ಕನ್ನಡ ಚೆನ್ನಾಗ್ ಕಲ್ತವ್ರೆ’ ಅಂದರು. ಚೀನಾ ಟಿಬೆಟಿಗೆ ಬಂದದ್ದಕ್ಕೇ ಆಕೆಯ ಹಿರೀಕರು ಮನೆ ಬಿಟ್ಟದ್ದು ಎಂದು ವಿವರಿಸಹೊರಟೆ. ಬಸ್ಸು ಬಂತು.

*

1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟರು. ಹಿಂದೆ ಬಂದವರಲ್ಲಿ ಎಷ್ಟೋ ಮಂದಿ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಮೈಸೂರು ರಾಜ್ಯ ಜಾಗ ಕೊಟ್ಟಿತು: 1960ರ ಹೊತ್ತಿಗೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರಿನ ಗುರುಪುರ, ಒಡೆಯರಪಾಳ್ಯ. ಜಾಗ ಎಂದರೆ ಕಾಡು. ಹಿಮದ ನಾಡಿನವರು ನಮ್ಮ ಬಿಸಿಲಲ್ಲಿ ಮರ ಕಡಿದು ಮುಸುಕಿನ ಜೋಳ ಹಾಕಿದರು. ಕಾಯಿಲೆಗೂ ಆನೆಗೂ ಸಿಕ್ಕಿ ಸತ್ತರು.

ಆನೆ ಎಂದಾಗ ಅವರ ಪಾಡು ನನಗೆ ಹತ್ತಿರವಾಯಿತು. ಚನ್ನಪಟ್ಟಣ, ಕನಕಪುರದ ಕಾಡಂಚಿನ ರೈತ ಇವತ್ತಿಗೂ ಪಟಾಕಿ ಹಿಡಿದು ರಾತ್ರಿ ಕಾಯುತ್ತಾನೆ. ನಮಗೆ ಆನೆಯೊಂದೇ ಕಷ್ಟ. ಅವರಿಗೆ ಆನೆಯ ಕಾಟದ ಜತೆಗೆ ಭಾಷೆಯೂ ಬರುತ್ತಿರಲಿಲ್ಲ, ಊರಿಗೆ ಹಿಂತಿರುಗುವ ದಾರಿಯೂ ಇರಲಿಲ್ಲ.

*

ಟೀ ಅಂಗಡಿ, ರೈತನೊಬ್ಬನ ಮಾತು. ‘ಹೊರಗಿನೋರ್ಗೆ ಸರ್ಕಾರ ಜಮೀನು ಕೊಡ್ತದೆ, ನನ್ನ ಅರ್ಜಿ ಹಂಗೇ ಕೊಳೀತಾ ಅದೆ.’ ಉಳುತ್ತಿರುವ ಸರ್ಕಾರಿ ನೆಲವನ್ನು ಸಕ್ರಮ ಮಾಡಿಕೊಡಿ ಎಂಬ ಬಗರ್ ಹುಕುಂ ಅರ್ಜಿ. ಅಪ್ಪ ನಮೂನೆ 50 ಹಾಕಿದ್ದರು, ಇವನು ನಮೂನೆ 57. ಸಿಟ್ಟು ಸುಳ್ಳಲ್ಲ, ಅದನ್ನು ಹಗೆತನ ಅಂತ ಬರೆದುಕೊಳ್ಳಲು ಮನಸ್ಸಾಗುವುದಿಲ್ಲ. ಆದರೆ ಕ್ಯಾಂಪಿನವರು ಉಳುವುದೂ ಸರ್ಕಾರದ ಗುತ್ತಿಗೆ ಜಮೀನು. ಅವರ ಹೆಸರಿಗೂ ಪಟ್ಟಾ ಇಲ್ಲ. ತನ್ನದಾಗದ ನೆಲ ಉಳುವ ಇಬ್ಬರಲ್ಲಿ ಒಬ್ಬನಿಗೆ ಇನ್ನೊಬ್ಬ ಜಹಗೀರುದಾರನಂತೆ ಕಾಣುತ್ತಾನೆ. ಇದನ್ನು ಟೀ ಅಂಗಡಿಯಲ್ಲಿ ಹೇಳಿದೆ. ‘ಬೈಲಕುಪ್ಪೇಲಿ ಅವ್ರ ಗೋಲ್ಡನ್ ಟೆಂಪಲ್ ನೋಡಿದೀರಾ?’ ಎಂಬ ಉತ್ತರ ಬಂತು. ದೇವಸ್ಥಾನ ಚಿನ್ನದ್ದಾದರೆ ಭಕ್ತರೆಲ್ಲ ಸಾಹುಕಾರರೆಂಬ ಲೆಕ್ಕ ತಿರುಪತಿಗೆ ಹೋಗಿಬರುವ ಊರಿನಲ್ಲಿ ಹೇಗೆ ಹುಟ್ಟಿತೋ.

*

2012ರ ಆಗಸ್ಟ್. ಹಲ್ಲೆಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಆಗಲೇ ಮೈಸೂರಿನಲ್ಲಿ ಟಿಬೆಟಿನ ಯುವಕನೊಬ್ಬನಿಗೆ ಚಾಕು ಹಾಕಿದರು, ಈಶಾನ್ಯದವನೆಂದು ತಿಳಿದು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನವನ ಕಾರಿಗೆ ಸಿಕ್ಕಿ ಹೆಂಗಸೊಬ್ಬರು ಸತ್ತರು. ಗುಂಪು ಹೊಡೆದದ್ದು ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು. 2020ರ ಮಾರ್ಚಿನಲ್ಲಿ ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರನ್ನು ಒಳಗೆ ಬಿಡಲಿಲ್ಲ. ಆಗ ಕೊರೋನಾ ಭಯ.

ಕಡಲೆಕಾಯಿಯ ಚೀಲ ನೋಡಿ ಯಾವ ಸೀಮೆಯ ಬೆಳೆ ಎಂದು ಹೇಳುವ, ರೇಷ್ಮೆಗೂಡು ಮುಟ್ಟಿ ದರ ಕಟ್ಟುವ ಕಣ್ಣುಗಳು ನಮ್ಮವು. ಮನುಷ್ಯರ ಮುಖದ ಮುಂದೆ ಬಂದಾಗ ಈ ಕಣ್ಣಿಗೆ ಏನಾಗುತ್ತದೆ?

*

ಹೊರಗಿನವರೆನ್ನಲು ಮುಖವೇ ಕಾರಣ ಎಂದು ಬರೆದಿಟ್ಟು, ಮತ್ತೆ ಗೊಂದಲಕ್ಕೆ ಬಿದ್ದೆ. ಸುಳ್ಯದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ತಮಿಳರಿದ್ದಾರೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದವರು. ಮುಖ ನಮ್ಮಂತೆಯೇ, ಕಾನೂನಿನಲ್ಲಿ ಭಾರತೀಯರು. ಆದರೂ ಊರವರ ಬಾಯಲ್ಲಿ ‘ಸಿಲೋನಿನವರು’.

ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಾಮಶೂದ್ರರು ಭತ್ತ ಬೆಳೆಯುತ್ತಾರೆ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಜಾತಿ ಗಡಿ ದಾಟಿ ಬಂತು, ಸರ್ಟಿಫಿಕೇಟು ಬರಲಿಲ್ಲ.

*

ಕೊನೆಗೆ ಕಾಗದಪತ್ರ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಕದೆಯೇ ನೆಲ ಕೊಟ್ಟಿತು, ಶಾಲೆ ಕೊಟ್ಟಿತು. ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ಮೇಲು. ಆದರೆ ಇಲ್ಲೇ ಹುಟ್ಟಿದ ಟಿಬೆಟನ್ ಕೂಡ ವಿದೇಶಿಯರ ನೋಂದಣಿ ಪತ್ರ, ಅಂದರೆ ‘ಆರ್‌ಸಿ’, ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು.

1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಪೌರತ್ವ ಕಾಯ್ದೆ ಹೇಳುತ್ತದೆ. ಇದು ಟಿಬೆಟನ್ನರಿಗೂ ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದ ಕೇಂದ್ರ ಸರ್ಕಾರ ಷರತ್ತು ಹಾಕಿತು: ಆರ್‌ಸಿ ಹಿಂತಿರುಗಿಸಬೇಕು, ಟಿಬೆಟನ್ ಕ್ಯಾಂಪಿನಲ್ಲಿ ವಾಸವಿರಬಾರದು. ದೇಶ ಬೇಕಾದರೆ ಊರು ಬಿಡು ಎಂಬ ಈ ಷರತ್ತು ನ್ಯಾಯವಲ್ಲ. 1987ರ ಜುಲೈ 1ರಿಂದೀಚೆಗೆ ಬೈಲಕುಪ್ಪೆಯಲ್ಲೋ ಒಡೆಯರಪಾಳ್ಯದಲ್ಲೋ ಹುಟ್ಟಿದ ಮಗುವಿಗೆ, ತಂದೆ ತಾಯಿ ಇಬ್ಬರೂ ಭಾರತದ ಪ್ರಜೆಗಳಲ್ಲದಿದ್ದರೆ, ಹುಟ್ಟಿನ ಪೌರತ್ವವೂ ಇಲ್ಲ.