ಕಣ್ಣು ಮುಚ್ಚಿ ಸಹಿ ಹಾಕಿದ ಮತ್ಸ್ಯಕನ್ಯೆ

ಕಳೆದ ತಿಂಗಳು ಎರಡು ದಿನ ರಜೆ ಹಾಕಿ ತುರುವೇಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹಬ್ಬಕ್ಕಲ್ಲ, ಒಂದು ಸಹಿಗೆ. ತೆಂಗಿನ ತೋಟವನ್ನು ಅಣ್ಣನ ಹೆಸರಿಗೆ ಮಾಡಿಸಬೇಕು, ನೀನು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಅಪ್ಪ ಫೋನ್ ಮಾಡಿದ್ದರು. "ಅರಿಶಿನ ಕುಂಕುಮಕ್ಕೆ ಅಂತ ನಿಂಗೂ ಏನಾದ್ರೂ ಕೊಡ್ತೀವಿ ಬಿಡು" ಅಂದಿದ್ದರು. ನಾನು "ಹೂಂ" ಅಂದಿದ್ದೆ. ನಮ್ಮ ಅತ್ತೆಯರೂ ಹಾಗೇ ಸಹಿ ಹಾಕಿದ್ದರು. ನಮ್ಮನೆಯಲ್ಲಿ ಅದರ ಬಗ್ಗೆ ಚರ್ಚೆ ಅಂತ ಯಾವತ್ತೂ ಆಗಿದ್ದೇ ಇಲ್ಲ.

ಸಂಜೆ ನಡುಮನೆಯಲ್ಲಿ ಕೂತಿದ್ದೆವು. ಮೇಲೆ ಅಟ್ಟದ ತುಂಬಾ ಕಾಯಿ. ವರ್ಷದ ಹತ್ತಿರ ಅಲ್ಲೇ ಒಣಗಿ, ಅಲುಗಿಸಿದಾಗ ಚಿಪ್ಪಿನೊಳಗೆ ಗುಡುಗುಡು ಸದ್ದು ಬಂದರೆ ಕೊಬ್ಬರಿ ಆಯ್ತು ಅಂತ ಲೆಕ್ಕ. ಆಮೇಲೆ ಅದು ತಿಪಟೂರು ಮಾರುಕಟ್ಟೆಗೆ. ಕೆಳಗೆ ಚಾಪೆ ಮೇಲೆ ನನ್ನ ಐದು ವರ್ಷದ ಮಗಳು ನನ್ನ ಫೋನ್ ಹಿಡಿದು 'ದಿ ಲಿಟಲ್ ಮರ್ಮೇಡ್' ನೋಡ್ತಿದ್ದಳು. 1989ರ ಡಿಸ್ನಿ ಸಿನಿಮಾ.

ಇದ್ದಕ್ಕಿದ್ದ ಹಾಗೆ ಕೂಗಿದಳು. "ಅಮ್ಮಾ, ಇವ್ಳು ಕಣ್ಣು ಮುಚ್ಕೊಂಡು ಸೈನ್ ಹಾಕಿದ್ಲು! ಓದ್ಲೇ ಇಲ್ಲ!"

ನೋಡಿದವರಿಗೆ ಆ ದೃಶ್ಯ ನೆನಪಿರುತ್ತೆ. ಹದಿನಾರರ ಮತ್ಸ್ಯಕನ್ಯೆ ಏರಿಯಲ್‌ಗೆ ಭೂಮಿ ಮೇಲಿನ ರಾಜಕುಮಾರ ಬೇಕು. ಕಾಲು ಕೊಡ್ತೀನಿ, ಬದಲಿಗೆ ನಿನ್ನ ದನಿ ಕೊಡು ಅಂತಾಳೆ ಮಾಟಗಾತಿ. ದನಿ ಇಲ್ಲದೆ ಏನು ಮಾಡ್ಲಿ ಅಂದರೆ, ಮುಖ ಚೆನ್ನಾಗಿದೆಯಲ್ಲ, ಜಾಸ್ತಿ ಮಾತಾಡೋ ಹುಡುಗೀರು ಗಂಡಸರಿಗೆ ಹಿಡಿಸಲ್ಲ ಅನ್ನೋ ಅರ್ಥದಲ್ಲಿ ಸಮಾಧಾನ ಮಾಡ್ತಾಳೆ. ಹೊಳೆಯುವ ಕರಾರು ಪತ್ರ ಬರುತ್ತೆ. ಹುಡುಗಿ ಮುಖ ತಿರುಗಿಸಿ ಸಹಿ ಹಾಕ್ತಾಳೆ.

ಹಾಗೆ ಹೇಳೋಳು ಖಳನಾಯಕಿ ತಾನೇ, ಕೊನೆಗೆ ಸೋಲ್ತಾಳಲ್ಲ ಅನ್ನಬಹುದು. ನಿಜ. ಆದರೆ ದನಿ ಇಲ್ಲದಿದ್ದಾಗಲೂ ರಾಜಕುಮಾರ ಆ ಹುಡುಗಿ ಕಡೆ ಮನಸೋತೇ ಇರ್ತಾನೆ. ಮಗು ನೋಡೋದು ಅದನ್ನೂ ಹೌದು. ಕಾರ್ಮೆನ್ ಫಾಟ್ ಮತ್ತು ಕರೆನ್ ಐಸೆನ್‌ಹಾವರ್ ಎಂಬ ಇಬ್ಬರು ಭಾಷಾತಜ್ಞೆಯರು ಡಿಸ್ನಿಯ ರಾಜಕುಮಾರಿ ಸಿನಿಮಾಗಳಲ್ಲಿ ಯಾರು ಎಷ್ಟು ಮಾತಾಡ್ತಾರೆ ಅಂತ ಎಣಿಸಿದ್ದರು. 2016ರಲ್ಲಿ ಅದು ಸುದ್ದಿಯಾಗಿತ್ತು. 'ಲಿಟಲ್ ಮರ್ಮೇಡ್'ನಲ್ಲಿ 68% ಮಾತು ಗಂಡು ಪಾತ್ರಗಳದ್ದು. 1959ರ 'ಸ್ಲೀಪಿಂಗ್ ಬ್ಯೂಟಿ'ಯಲ್ಲೇ 71% ಮಾತು ಹೆಣ್ಣು ಪಾತ್ರಗಳದ್ದಾಗಿತ್ತು! ಇಬ್ಬರು ಅಕ್ಕತಂಗಿಯರದ್ದೇ ಕಥೆ ಅಂತ ನಾವೆಲ್ಲ ಮೆಚ್ಚಿದ 'ಫ್ರೋಜನ್' (2013) ಸಿನಿಮಾದಲ್ಲೂ 59% ಮಾತು ಗಂಡಸರದ್ದೇ. ನಾಯಕಿ ಹೆಣ್ಣು ನಿಜ, ಆದರೆ ಸುತ್ತಲಿನ ಗೆಳೆಯರು, ಅಂಗಡಿಯವರು, ಸೈನಿಕರು ಹೆಚ್ಚಾಗಿ ಗಂಡಸರು. ನಮ್ಮ 'ಛೋಟಾ ಭೀಮ್' ತೆಗೆದುಕೊಳ್ಳಿ. ಹೊಡೆದಾಟ ಭೀಮನದ್ದು, ಲಾಡು ತಂದುಕೊಡೋದು ಚುಟ್ಕಿ.

ಮಗಳ ಪ್ರಶ್ನೆ ಮಾತ್ರ ನನಗೇ ಬಂದು ತಾಗಿತು. ಆಫೀಸಲ್ಲಿ ಬೇರೆಯವರ ಕೋಡ್ ಒಂದೊಂದು ಸಾಲೂ ಓದದೆ ನಾನು ಅಪ್ರೂವ್ ಮಾಡಲ್ಲ. ಮನೆಯ ಪತ್ರದಲ್ಲಿ ಏನು ಬರೆದಿದೆ ಅಂತ ಕೇಳಿಯೂ ಇರಲಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಗೊತ್ತಿತ್ತು. ಆದರೂ "ಒಳ್ಳೆ ಹುಡುಗಿ" ಅನ್ನಿಸಿಕೊಳ್ಳೋ ಆಸೆ ಇತ್ತು.

ರಾತ್ರಿ ಕರೆಂಟ್ ಹೋಯ್ತು, ಫೋನ್ ಚಾರ್ಜೂ ಮುಗಿದಿತ್ತು. ಅಜ್ಜಿ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ನಾನು ಚಿಕ್ಕವಳಿದ್ದಾಗ ಕೇಳಿದ್ದ ಕಥೆಯನ್ನೇ ಶುರು ಮಾಡಿದರು. ಒಬ್ಬಳು ಬಡ ಮುದುಕಿ, ಇಬ್ಬರು ಹೆಣ್ಣುಮಕ್ಕಳು. ಒಂದು ಬಿಂದಿಗೆ ನೀರು ಸುರಿದರೆ ಕಿರಿಯವಳು ಹೂವಿನ ಮರ ಆಗ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಇದೂ ಒಂದು. 1997ರಲ್ಲಿ ಬಂದ ಅವರ 'ಎ ಫ್ಲವರಿಂಗ್ ಟ್ರೀ' ಪುಸ್ತಕಕ್ಕೆ ಹೆಸರು ಬಂದಿದ್ದೇ ಇದರಿಂದ. ಗಿರೀಶ್ ಕಾರ್ನಾಡರ 'ಚೆಲುವಿ' ಸಿನಿಮಾ ಕೂಡ ಇದೇ ಕಥೆ.

ಈ ಕಥೆಯಲ್ಲೂ ರಾಜಕುಮಾರ ಬರ್ತಾನೆ, ಮದುವೆಯೂ ಆಗುತ್ತೆ. ಆದರೆ 'ಸಿಂಡ್ರೆಲಾ' ಥರ ಅಲ್ಲಿಗೆ ಮುಗಿಯಲ್ಲ. ನಿಜವಾದ ಕಷ್ಟ ಶುರುವಾಗೋದೇ ಆಮೇಲೆ. ಹೆಣ್ಣನ್ನು ನಡುವೆ ಇಟ್ಟುಕೊಂಡ ಕಥೆಗಳೇ ಹೀಗೆ, ಮದುವೆಯ ನಂತರವೇ ಅವಳ ಪಾಡು ಶುರು ಅಂತ ರಾಮಾನುಜನ್ ಕೂಡ ಗುರುತಿಸಿದ್ದರು. ನಾದಿನಿ ಆಟಕ್ಕೆ ಮರ ಆಗು ಅಂತ ಪೀಡಿಸ್ತಾಳೆ. ಹುಷಾರಾಗಿ ನೀರು ಹಾಕಿ, ಕೊಂಬೆ ಮುರೀಬೇಡಿ ಅಂತ ಈ ಹುಡುಗಿ ಬಾಯಿಬಿಟ್ಟು ಹೇಳ್ತಾಳೆ. ಅವರು ಕೇಳಲ್ಲ, ಮುರೀತಾರೆ. ಕೈಕಾಲಿಲ್ಲದೆ ಬಿದ್ದವಳನ್ನು ಕೊನೆಗೆ ಗಂಡನೇ ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ ಉಳಿಸಿಕೊಳ್ತಾನೆ.

ಇಲ್ಲೂ ಕಾಪಾಡೋನು ಗಂಡಸೇ, ಕೇಡಿ ಹೆಂಗಸೇ. ಅಜ್ಜಿ ಕಥೆ ಎಲ್ಲಾ ಸರಿ ಅಂತ ನಾನೇನೂ ಹೇಳ್ತಿಲ್ಲ. ಆದರೆ ಹೆಣ್ಣಿನ ಮಾತು ಕೇಳದಿದ್ದರೆ ಏನಾಗುತ್ತೆ ಅನ್ನೋದನ್ನು ಈ ಕಥೆ ಮುಚ್ಚಿಡಲ್ಲ. ಮಗಳು ಕೇಳಿದಳು, "ಹೇಳಿದ್ಲಲ್ಲ, ಯಾಕೆ ಮುರಿದ್ರು?" ಅಜ್ಜಿ ಅಂದರು, "ಹೇಳಿದ್ಲು ಕಣವ್ವ. ಕೇಳೋರು ಇರ್ಲಿಲ್ಲ."

ಬೆಳಗ್ಗೆ ಕಾಫಿ ಹೊತ್ತಲ್ಲಿ ಅಪ್ಪನಿಗೆ ಹೇಳಿದೆ. "ಪತ್ರ ಕೊಡಿ, ಓದ್ತೀನಿ. ಓದಿ ಆಮೇಲೆ ಹೇಳ್ತೀನಿ." ಅಪ್ಪ ಲೋಟ ಕೆಳಗಿಟ್ಟರು, ಏನೂ ಮಾತಾಡಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಬಿಟ್ಟು, "ಓದ್ಲಿ ಬಿಡಪ್ಪ" ಅಂದ. ಅವನು ಕೆಟ್ಟವನಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿಸಿ ಆ ಮರಗಳನ್ನು ಉಳಿಸಿದವನೇ ಅವನು. ನನಗೆ ಅರ್ಧ ತೋಟ ಬೇಕೋ ಬೇಡವೋ ಅಂತ ನನಗೇ ಇನ್ನೂ ಗೊತ್ತಿಲ್ಲ. ಬೇಡ ಅನ್ನೋದಾದರೂ ನಾನು ಬಾಯಿಬಿಟ್ಟು ಹೇಳಬೇಕು, ಅಷ್ಟೇ.

ಸಹಿ ಇನ್ನೂ ಹಾಕಿಲ್ಲ. ಮುಂದಿನ ಸಲ ನಾಲ್ಕೂ ಜನ ಕೂತು ಮಾತಾಡೋಣ ಅಂತ ಆಗಿದೆ. ಮಗಳಿಗೆ ಈ ಸಿನಿಮಾಗಳನ್ನು ನಿಲ್ಲಿಸಿಲ್ಲ, ಈಗ ಜೊತೆಗೆ ಕೂತು ನೋಡ್ತೀನಿ. ನಿಮ್ಮನೆಯಲ್ಲೂ ಒಂದ್ಸಲ ಕೂತು ನೋಡಿ, ಮಕ್ಕಳು ಏನು ಕೇಳ್ತಾರೆ ಅಂತ. ಮೊನ್ನೆ ಹೊಸ ಆ್ಯಪ್ ಹಾಕಿಕೊಳ್ಳುವಾಗ ನಾನು ಪಟ್ ಅಂತ 'ಐ ಅಗ್ರೀ' ಒತ್ತಿದೆ. ಪಕ್ಕದಿಂದ ತಕ್ಷಣ ದನಿ ಬಂತು.

"ಅಮ್ಮಾ, ಓದಿದ್ಯಾ?"