ಧ್ವನಿಯ ಬಲಾಬಲ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿ ಧ್ವನಿವರ್ಧಕವಿಲ್ಲದೆ ಜಾತ್ರೆಯಾಗಲಿ ಮದುವೆಯಾಗಲಿ ನೆರವೇರುವುದು ಈಗ ಅಪರೂಪ. ಅದನ್ನು ಗೊತ್ತುಮಾಡುವವರು ಮೊದಲು ಕೇಳುವುದು ‘ಎಷ್ಟು ವ್ಯಾಟು?’ ಎಂದು. ನೂರು ವ್ಯಾಟಿನ ಯಂತ್ರಕ್ಕಿಂತ ಇನ್ನೂರರದು ಇಮ್ಮಡಿ ಕೇಳಿಸುವುದೆಂಬುದು ಜನರ ನಂಬಿಕೆ. ಈ ನಂಬಿಕೆಯು ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ವ್ಯಾಟೆಂಬುದು ಯಂತ್ರವು ಕೊಡಬಲ್ಲ ವಿದ್ಯುಚ್ಛಕ್ತಿಯ ಅಳತೆಯೇ ಹೊರತು ಕಿವಿಗೆ ಮುಟ್ಟುವ ಸದ್ದಿನದಲ್ಲ. ಸದ್ದನ್ನು ಅಳೆಯುವುದು ಡೆಸಿಬಲ್ಲಿನಿಂದ. ವ್ಯಾಟು ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಮಾತ್ರ. ಸದ್ದೇ ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತರಷ್ಟು ಶಕ್ತಿ, ಬೇಕು.

ಇನ್ನು ಆ ಶಕ್ತಿಯನ್ನು ಸದ್ದಾಗಿಸುವ ಉಪಕರಣದ ಮಾತು. ಒಂದೇ ವ್ಯಾಟನ್ನು ಊಡಿ ಒಂದು ಮೀಟರು ದೂರದಲ್ಲಿ ಅಳೆದರೆ ಮನೆಬಳಕೆಯ ಪೆಟ್ಟಿಗೆಯು ಸುಮಾರು 88 ಡೆಸಿಬಲ್ಲನ್ನೂ, ಕಂಬಕ್ಕೆ ಕಟ್ಟುವ ಕಹಳೆಯು ಸುಮಾರು 108 ಡೆಸಿಬಲ್ಲನ್ನೂ ಕೊಡುವುದುಂಟು. ಈ 20ರ ಅಂತರವು ಶಕ್ತಿಯಲ್ಲಿ ನೂರು ಪಟ್ಟು. ಅಂಗೈಗಳನ್ನು ಬಾಯಿಗೆ ಒಡ್ಡಿ ಕೂಗುವ ದನಗಾಹಿಗೆ ಕಹಳೆಯ ಈ ಗುಣವು ತಿಳಿದುದೇ.

ಮೂರನೆಯದು ದೂರ. ಶಬ್ದವು ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕಿಗೂ ಹರಡುವುದೆಂದು ನಮ್ಮ ತಾರ್ಕಿಕರು ಕದಂಬಮುಕುಲನ್ಯಾಯವನ್ನು ಹೇಳಿದರು. ಹರಡಿದುದು ತೆಳುವಾಗಲೇಬೇಕಷ್ಟೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಕುಗ್ಗುವುದು. ಹತ್ತು ಮೀಟರಿನಲ್ಲಿ ಕುಳಿತವನಿಗಿಂತ ಎಂಬತ್ತು ಮೀಟರಿನವನಿಗೆ 18 ಡೆಸಿಬಲ್ ಕಡಿಮೆ. ಇದನ್ನು ವ್ಯಾಟಿನಿಂದಲೇ ತುಂಬಹೊರಟರೆ ಅರವತ್ತು ಪಟ್ಟಿಗೂ ಮಿಕ್ಕು ಶಕ್ತಿ ಬೇಕು, ಮುಂದಿನ ಸಾಲಿನವರ ಕಿವಿಗೂ ಕೇಡು. ಹಿಂದಿನ ಸಾಲಿನ ಬಳಿಗೆ ಸಣ್ಣ ಕಹಳೆಯೊಂದನ್ನು ಒಯ್ದು ಕಟ್ಟಿದರೆ ಅಲ್ಪ ವೆಚ್ಚದಲ್ಲಿ ಕಾರ್ಯವಾಗುವುದು.

ಕಡೆಯದು ಕಿವಿಯ ಸ್ವಭಾವ. ಕಿವಿಯು ಎಲ್ಲ ಸ್ವರಗಳನ್ನೂ ಸಮವಾಗಿ ಕೇಳದೆಂಬುದನ್ನು 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬವರು ಅಳೆದು ತೋರಿಸಿದರು. ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನಗಳ ಎಡೆಯಲ್ಲಿ ಅದು ಬಹು ಚುರುಕು, ತಗ್ಗಿನ ಸ್ವರಗಳಲ್ಲಿ ಮಂದ. ಮಹದೇಶ್ವರನ ದೇವರಗುಡ್ಡರ ಕಂಸಾಳೆಯು ಅಂಗೈಯಗಲದ ಕಂಚಾದರೂ ಗದ್ದಲವನ್ನು ಸೀಳಿ ಬರುವುದಕ್ಕೆ ಅದರ ಎತ್ತರದ ನಾದವೂ ಕಾರಣ. ಮಾತನ್ನು ಬಿಡಿಸಿ ತಿಳಿಸುವ ವ್ಯಂಜನಗಳ ನೆಲೆಯೂ ಬಹುಮಟ್ಟಿಗೆ ಈ ಎತ್ತರದಲ್ಲಿಯೇ. ಆದರೆ ಅವುಗಳ ಶಕ್ತಿ ಸ್ವರಾಕ್ಷರಗಳದಕ್ಕಿಂತ ಬಲು ಕಡಿಮೆ. ಯಂತ್ರವನ್ನು ಮೇರೆ ಮೀರಿ ತಿರುಗಿಸಿದಾಗ ಅಲೆಯ ನೆತ್ತಿ ಕತ್ತರಿಸಿದಂತಾಗಿ, ಸದ್ದು ಹೆಚ್ಚಿ, ವ್ಯಂಜನಗಳು ಕಲಸಿಹೋಗುವುವು.

ಇದರಲ್ಲಿ ಹಣಕ್ಕಿಂತ ದೊಡ್ಡ ನಷ್ಟವೊಂದುಂಟು. ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿಯ ಕಥೆಗೆ ಮಾತೇ ಜೀವ. ಇರುಳೆಲ್ಲ ಅಬ್ಬರವನ್ನು ಕೇಳಿಯೂ ಕಥೆಯ ಒಂದು ನುಡಿಯನ್ನು ತಿಳಿಯದ ಮಗುವು ಅದನ್ನು ಯಾರಿಗೆ ದಾಟಿಸೀತು? ಇತ್ತ ಪಕ್ಕದ ಬೀದಿಯ ರೋಗಿಗೆ ನಿದ್ರೆಯೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿರುವುದೂ ಇದಕ್ಕಾಗಿಯೇ. ಊರ ಹಿರಿಯರು ಇನ್ನು ಮುಂದೆ ವ್ಯಾಟಿನ ಲೆಕ್ಕವೊಂದನ್ನೇ ಕೇಳದೆ, ಕಹಳೆ ಎಂಥದು, ಎಲ್ಲಿ ಕಟ್ಟುವರು, ಕಡೆಯ ಸಾಲಿನ ಮುದುಕಿಗೆ ಮಾತು ತಿಳಿಯುವುದೇ ಎಂದು ವಿಚಾರಿಸುವುದು ಲೇಸು.